ವ್ಯಸನಮುಕ್ತಿ ಕ್ಲಿನಿಕ್‌ನಲ್ಲಿ ರೋಗಿಯ ಗುಟ್ಟು ಎಲ್ಲೆಲ್ಲಿ ಸೋರುತ್ತದೆ?

ರಾಜಾಜಿನಗರ_ಆಡಳಿತ ಕೇಳಿದ್ದು:

ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಚಿಕಿತ್ಸೆ ಕೊಡುವ ಹೊರರೋಗಿ ಕ್ಲಿನಿಕ್. ಇಬ್ಬರು ಮನೋವೈದ್ಯರು, ಮೂವರು ಆಪ್ತಸಮಾಲೋಚಕರು, ರಿಸೆಪ್ಷನ್‌ನಲ್ಲಿ ಇಬ್ಬರು. ಅಪಾಯಿಂಟ್‌ಮೆಂಟ್ ವಾಟ್ಸಾಪ್‌ನಲ್ಲಿ, ಬಿಲ್ಲು ಸಾಫ್ಟ್‌ವೇರ್‌ನಲ್ಲಿ, ಕೇಸ್ ಶೀಟ್ ಇನ್ನೂ ಕಾಗದದಲ್ಲಿ. ಗೌಪ್ಯತೆ ಅಂದ ಕೂಡಲೇ ಸಾಫ್ಟ್‌ವೇರ್ ಮಾರುವವರು ಎನ್‌ಕ್ರಿಪ್ಷನ್ ಪುರಾಣ ಶುರುಮಾಡುತ್ತಾರೆ. ನನಗೆ ಬೇಕಿರುವುದು ದಿನನಿತ್ಯದ ಉತ್ತರ. ರೋಗಿಯ ಹೆಂಡತಿ, ಅಣ್ಣ ಅಥವಾ ಕಂಪನಿಯ ಎಚ್‌ಆರ್ ಫೋನ್ ಮಾಡಿದರೆ ರಿಸೆಪ್ಷನ್‌ನವರು ಏನು ಹೇಳಬೇಕು? ವಾಟ್ಸಾಪ್ ಬಿಡದೆ ಹೇಗೆ ಸರಿಮಾಡುವುದು? ಜಾಗ ಚಿಕ್ಕದು, ಸಮಾಲೋಚನೆ ಕೊಠಡಿ ಮತ್ತು ಕಾಯುವ ಜಾಗದ ನಡುವೆ ಪಾರ್ಟಿಷನ್ ಮಾತ್ರ ಇದೆ.

ಕಡತಪಾಲ ಉತ್ತರಿಸಿದ್ದು:

ನಿಮ್ಮಂಥ ಕಡೆ ರೋಗದ ವಿವರಕ್ಕಿಂತ ಮೊದಲು ಕಾಪಾಡಬೇಕಾದದ್ದು ಇನ್ನೊಂದಿದೆ: "ಇವರು ಇಲ್ಲಿಗೆ ಬರುತ್ತಾರೆ" ಅನ್ನುವ ಸಂಗತಿ. ಹಲ್ಲಿನ ಡಾಕ್ಟರ ಹತ್ತಿರ ಹೋದದ್ದು ಗೊತ್ತಾದರೆ ಯಾರಿಗೂ ನಷ್ಟವಿಲ್ಲ. ನಿಮ್ಮ ಬಾಗಿಲು ಹೊಕ್ಕದ್ದು ಗೊತ್ತಾದರೆ ಸಾಕು, ಕಾಯಿಲೆ ಏನೆಂದು ಬೇರೆ ಹೇಳಬೇಕಿಲ್ಲ. ಎಲ್ಲ ನಿರ್ಧಾರವನ್ನೂ ಇದಕ್ಕೆ ತಾಳೆ ಹಾಕಿ ನೋಡಿ.

ಕಾನೂನು ಮೊದಲು ಮುಗಿಸಿಬಿಡುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯಾನದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಹಾಗಾಗಿ ಅದರ 23ನೇ ಸೆಕ್ಷನ್ ನಿಮಗೆ ನೇರವಾಗಿ ಅನ್ವಯಿಸುತ್ತದೆ. ಮಾಹಿತಿ ಹೊರಬಿಡಲು ಅಲ್ಲಿರುವ ದಾರಿಗಳು ಕೆಲವೇ: ಚಿಕಿತ್ಸೆಯಲ್ಲಿ ಭಾಗಿಯಾದ ಇತರ ಆರೋಗ್ಯ ಸಿಬ್ಬಂದಿಗೆ, ರೋಗಿ ನೇಮಿಸಿದ ಪ್ರತಿನಿಧಿಗೆ ಆತನ ಕರ್ತವ್ಯಕ್ಕೆ ಬೇಕಾದಷ್ಟು, ಇನ್ನೊಬ್ಬರಿಗೆ ಆಗುವ ಹಾನಿ ಅಥವಾ ಜೀವಾಪಾಯ ತಪ್ಪಿಸಲು, ಸಾರ್ವಜನಿಕ ಸುರಕ್ಷತೆಗೆ, ಇಲ್ಲವೇ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿ, ಹೈಕೋರ್ಟ್, ಸುಪ್ರೀಂ ಕೋರ್ಟ್ ಅಥವಾ ಅಧಿಕಾರವುಳ್ಳ ಬೇರೆ ಶಾಸನಬದ್ಧ ಪ್ರಾಧಿಕಾರದ ಆದೇಶಕ್ಕೆ. "ಹೆಂಡತಿ", "ಅಣ್ಣ", "ಮ್ಯಾನೇಜರ್" ಅನ್ನುವ ಸಂಬಂಧ ಮಾತ್ರಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಕಾಯ್ದೆ ಮೀರಿದರೆ 108ನೇ ಸೆಕ್ಷನ್ ಪ್ರಕಾರ ಮೊದಲ ಸಲ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಫೋನಿಗೆ ಒಂದೇ ವಾಕ್ಯ ಬರೆದು ಅಂಟಿಸಿ: "ನಮ್ಮಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವುದನ್ನು ಫೋನಿನಲ್ಲಿ ಯಾರಿಗೂ ಹೇಳುವುದಿಲ್ಲ. ನಿಮ್ಮ ನಂಬರು ಕೊಡಿ, ಬರೆದಿಟ್ಟುಕೊಳ್ಳುತ್ತೇವೆ." ಆ ಹೆಸರಿನವರು ನಿಮ್ಮಲ್ಲಿ ಇರಲಿ, ಇಲ್ಲದಿರಲಿ, ಇದೇ ಮಾತು, ಇದೇ ದನಿ. ಇಲ್ಲದವರ ಬಗ್ಗೆ ಕೇಳಿದಾಗ "ಅಂಥವರು ಯಾರೂ ಇಲ್ಲ" ಅಂತ ಸಲೀಸಾಗಿ ಹೇಳಿ, ಇರುವವರ ಬಗ್ಗೆ ಕೇಳಿದಾಗ ತಡವರಿಸಿದರೆ ಆ ತಡವರಿಕೆಯೇ ಉತ್ತರ.

ಮನೆಯವರ ಸಹಕಾರ ಬೇಕಾದ ಚಿಕಿತ್ಸೆ ಇದು, ಒಪ್ಪುತ್ತೇನೆ. ಅದಕ್ಕೇ ಮೊದಲ ಭೇಟಿಯಲ್ಲೇ ಅನುಮತಿ ಪತ್ರ ಮಾಡಿಸಿ. ಯಾರಿಗೆ, ಏನನ್ನು, ಎಂದಿನವರೆಗೆ ಅನ್ನುವ ಮೂರು ಕಲಮು ಇರಲಿ. "ಬಂದಿದ್ದರೋ ಇಲ್ಲವೋ ಹೇಳಬಹುದು, ಮೂತ್ರ ಪರೀಕ್ಷೆಯ ಫಲಿತಾಂಶ ಬೇಡ" ಅಂತ ರೋಗಿ ಬೇರ್ಪಡಿಸುವ ಅವಕಾಶ ಬೇಕು. ಪಕ್ಕದಲ್ಲೊಂದು ಗುರುತಿನ ಪದ ಬರೆಸಿಕೊಳ್ಳಿ. ಫೋನ್ ಮಾಡಿದವರು ಅದನ್ನು ಹೇಳಿದರಷ್ಟೇ ಮಾತು ಮುಂದುವರಿಯಲಿ. "ಕುಟುಂಬದವರಿಗೆ ತಿಳಿಸಲು ಒಪ್ಪಿದ್ದೇನೆ" ಎಂಬ ಒಂದು ಸಾಲಿನ ಸಹಿ ಯಾವ ಜಗಳಕ್ಕೂ ಉಪಯೋಗಕ್ಕೆ ಬರುವುದಿಲ್ಲ. ಪತ್ರ ಕನ್ನಡದಲ್ಲಿರಲಿ, ತಮಿಳು, ಉರ್ದು, ತೆಲುಗು ಪ್ರತಿಗಳೂ ಇರಲಿ. ಅನುವಾದಕ್ಕೆ ಪಕ್ಕದ ಕುರ್ಚಿಯಲ್ಲಿ ಕೂತ ಇನ್ನೊಬ್ಬ ರೋಗಿಯ ಸಂಬಂಧಿಕರನ್ನು ಕರೆಯಬೇಡಿ.

ಇನ್ನು ಟೇಬಲ್ ಮೇಲಿನ ರಿಜಿಸ್ಟರ್ ತೆಗೆಯಿರಿ. ಸಹಿ ಹಾಕುವವರು ಮೇಲಿನ ಹತ್ತು ಹೆಸರನ್ನು ಓದಿಯೇ ಓದುತ್ತಾರೆ. ಒಬ್ಬರಿಗೊಂದು ಚೀಟಿ, ಕರೆಯುವುದು ಟೋಕನ್ ನಂಬರಿನಿಂದ. ಕೇಸ್ ಶೀಟಿನ ರಟ್ಟಿನ ಮೇಲೆ ನಂಬರು ಮಾತ್ರ, ಹೆಸರು ಒಳಗೆ.

ಗೋಡೆಗೂ_ಕಿವಿ ಉತ್ತರಿಸಿದ್ದು:

ಪಾರ್ಟಿಷನ್ ಬಗ್ಗೆ ಮಾತ್ರ ಹೇಳುತ್ತೇನೆ. ಬಾಡಿಗೆ ಕಟ್ಟಡಗಳಲ್ಲಿ ಪಾರ್ಟಿಷನ್ ಬಹುತೇಕ ಫಾಲ್ಸ್ ಸೀಲಿಂಗ್‌ವರೆಗೆ ಹೋಗಿ ನಿಂತಿರುತ್ತದೆ. ಮಾತು ಗೋಡೆ ತೂರಿ ಬರುವುದಿಲ್ಲ, ಸೀಲಿಂಗಿನ ಮೇಲಿಂದ ಹಾರಿ ಬರುತ್ತದೆ. ಒಂದು ಟೈಲ್ ಎತ್ತಿ ಟಾರ್ಚ್ ಹಾಕಿ. ಪಕ್ಕದ ಕೊಠಡಿಯ ಸೀಲಿಂಗ್ ಕಂಡರೆ ಕಾರಣ ಸಿಕ್ಕಿತು. ಪಾರ್ಟಿಷನ್ ಅನ್ನು ಮೋಲ್ಡ್‌ವರೆಗೆ, ಅಂದರೆ ಮೇಲಿನ ಕಾಂಕ್ರೀಟ್ ಚಾವಣಿಯವರೆಗೆ ಏರಿಸಬೇಕು. ಎರಡೂ ಬದಿಗೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಎರಡೆರಡು ಪದರ, ನಡುವೆ ಸದ್ದು ಹೀರುವ 50 ಮಿ.ಮೀ. ರಾಕ್‌ವುಲ್, ಅಂಚುಗಳಿಗೆ ಸೀಲೆಂಟ್. ಸ್ವಿಚ್ ಬಾಕ್ಸ್‌ಗಳು ಎರಡೂ ಕಡೆ ಬೆನ್ನಿಗೆ ಬೆನ್ನು ಬರದಂತೆ ನೋಡಿಕೊಳ್ಳಿ, ಅಲ್ಲಿ ಗೋಡೆ ಇದ್ದೂ ಇಲ್ಲದಂತೆ. ಬಾಗಿಲು ಪೊಳ್ಳು ಫ್ಲಶ್ ಡೋರ್ ಆಗಿದ್ದರೆ ಗಟ್ಟಿಯದು ಹಾಕಿ, ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ.

ಅಷ್ಟು ಖರ್ಚು ಈಗಲೇ ಆಗದು ಅಂದರೆ ಕಾಯುವ ಕುರ್ಚಿಗಳನ್ನು ಆ ಗೋಡೆಯಿಂದ ದೂರ ಸರಿಸಿ, ಗೋಡೆ ಪಕ್ಕ ಫೈಲ್ ಬೀರುಗಳನ್ನು ನಿಲ್ಲಿಸಿ. ಅಂಟಿಸುವ ಫೋಮ್ ತುಂಡು ಕೊಳ್ಳಬೇಡಿ. ಅದು ಒಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗೆ ಹೋಗುವ ಮಾತನ್ನು ತಡೆಯುವುದಿಲ್ಲ. ಸಿಸಿಟಿವಿ ಇದ್ದರೆ ಮೈಕ್ ಆಫ್ ಮಾಡಿ; ಕಾಯುವ ಜಾಗದ ಕ್ಯಾಮೆರಾ ರಿಸೆಪ್ಷನ್ ಮಾನಿಟರಿನ ಅಕ್ಷರ ಓದುವಂತಿರಬಾರದು.

ಬನಶಂಕರಿ_ಬ್ಯಾಕಪ್ ಉತ್ತರಿಸಿದ್ದು:

ವಾಟ್ಸಾಪ್ ಬಿಡಬೇಕಾಗಿಲ್ಲ, ಆದರೆ ಸಿಬ್ಬಂದಿಯ ಸ್ವಂತ ಫೋನಿನಿಂದ ಹೊರಗೆ ತರಬೇಕು. ಕ್ಲಿನಿಕ್ ಹೆಸರಿನಲ್ಲೊಂದು ಸಿಮ್, ಸಂಜೆ ಡ್ರಾಯರ್‌ಗೆ ಹಾಕಿ ಬೀಗ ಹಾಕುವ ಒಂದು ಫೋನ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್.

ಹೆಚ್ಚಿನವರು ಗಮನಿಸದ ಜಾಗ ಪ್ರೊಫೈಲ್ ಹೆಸರು. "ಡಿ-ಅಡಿಕ್ಷನ್ ಸೆಂಟರ್" ಅಂತಿದ್ದರೆ ರೋಗಿಯ ಲಾಕ್ ಸ್ಕ್ರೀನ್ ಮೇಲೆ ಅದೇ ಮೂಡಬಹುದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಫೋನಿನಲ್ಲಿ ಮನೆಮಂದಿಯೆಲ್ಲ ಓದುತ್ತಾರೆ. ಯುಪಿಐ ಕ್ಯೂಆರ್‌ಗೂ ಇದೇ ಮಾತು: ವ್ಯಾಪಾರಿ ಹೆಸರು ರೋಗಿಯ ಪಾವತಿ ಪಟ್ಟಿಯಲ್ಲಿ ಉಳಿಯುತ್ತದೆ. ಎರಡು ಕಡೆಯೂ ಚಟದ ಸುಳಿವಿಲ್ಲದ ಹೆಸರು ಇರಲಿ. ಸಂದೇಶ "ನಾಳೆ 11ಕ್ಕೆ ನಿಮ್ಮ ಭೇಟಿ" ಅಷ್ಟೇ. ವೈದ್ಯರ ವಿಭಾಗ, ಮಾತ್ರೆ ಹೆಸರು ಬೇಡ.

ಸೆಟ್ಟಿಂಗ್‌ಗಳು: ಎರಡು ಹಂತದ ಪರಿಶೀಲನೆಗೆ 6 ಅಂಕಿಯ ಪಿನ್. ಮೀಡಿಯಾ ವಿಸಿಬಿಲಿಟಿ ಆಫ್, ಇಲ್ಲದಿದ್ದರೆ ರೋಗಿ ಕಳಿಸಿದ ಲ್ಯಾಬ್ ರಿಪೋರ್ಟ್ ಗ್ಯಾಲರಿಗೆ ಹೋಗಿ ಅಲ್ಲಿಂದ ಯಾರದೋ ಗೂಗಲ್ ಫೋಟೋಸ್ ಸೇರುತ್ತದೆ. ಚಾಟ್ ಬ್ಯಾಕಪ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಬೇರೆಯಾಗಿ ಆನ್ ಮಾಡಬೇಕು. ಪ್ರತಿ ಸೋಮವಾರ ಲಿಂಕ್ಡ್ ಡಿವೈಸಸ್ ತೆರೆದು ಗುರುತಿಲ್ಲದ್ದನ್ನು ಕಿತ್ತುಹಾಕಿ. ಕೆಲಸ ಬಿಟ್ಟವರ ಲ್ಯಾಪ್‌ಟಾಪ್ ಅಲ್ಲೇ ಕೂತಿರುತ್ತದೆ. ಹಬ್ಬದ ಶುಭಾಶಯಕ್ಕೆಂದು ರೋಗಿಗಳ ಗ್ರೂಪ್ ಮಾಡಲೇಬಾರದು, ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ.

ಕಂಪ್ಯೂಟರ್: ಒಬ್ಬೊಬ್ಬರಿಗೆ ಬೇರೆ ಲಾಗಿನ್, ಇಲ್ಲದಿದ್ದರೆ ಯಾರು ಯಾವ ಫೈಲ್ ನೋಡಿದರೆಂದು ಲಾಗ್ ಇದ್ದೂ ಪ್ರಯೋಜನವಿಲ್ಲ. ವಿಂಡೋಸ್ ಪ್ರೊ ಹಾಕಿ, ಡಿಸ್ಕಿಗೇ ಬೀಗ ಹಾಕುವ ಬಿಟ್‌ಲಾಕರ್ ಆನ್ ಮಾಡಿ; ಹೋಮ್ ಆವೃತ್ತಿಯಲ್ಲಿ ಅದು ಪೂರ್ತಿ ಸಿಗುವುದಿಲ್ಲ. ರಿಕವರಿ ಕೀ ಪ್ರಿಂಟ್ ಮಾಡಿ ಬೇರೆ ಜಾಗದಲ್ಲಿಡಿ, ಲ್ಯಾಪ್‌ಟಾಪಿನ ಬ್ಯಾಗಿನಲ್ಲಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನವರು ರಿಪೇರಿಗೆಂದು ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿ, ಯಾರ ಒಪ್ಪಿಗೆಯೂ ಬೇಕಿಲ್ಲದೆ ಒಳಬರುವ ಅನ್‌ಅಟೆಂಡೆಡ್ ಪಾಸ್‌ವರ್ಡ್ ಇಟ್ಟು ಹೋಗಿರುತ್ತಾರೆ, ಅದನ್ನು ಇವತ್ತೇ ತೆಗೆಯಿರಿ. ಬ್ಯಾಕಪ್ ಹಾರ್ಡ್ ಡಿಸ್ಕ್ ಕೆಲಸ ಮುಗಿದ ಮೇಲೆ ಕಿತ್ತಿಡಿ. ಚುಚ್ಚಿಕೊಂಡೇ ಇದ್ದರೆ, ಫೈಲ್ ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ. ದೆಹಲಿಯ ಏಮ್ಸ್‌ನಂಥ ಆಸ್ಪತ್ರೆಯೇ 2022ರ ನವೆಂಬರ್‌ನಲ್ಲಿ ಸರ್ವರ್ ಕಳೆದುಕೊಂಡು ಕಾಗದದ ಚೀಟಿಗೆ ಮರಳಬೇಕಾಯಿತು.

ರಿಪೋರ್ಟ್ ಪಿಡಿಎಫ್‌ಗೆ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಅದೇ ಮೊಬೈಲಿಗೆ ಕಳಿಸುವ ಪದ್ಧತಿಯೂ ಇದೆ. ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ.

ರಾಜಾಜಿನಗರ_ಆಡಳಿತ:

ಎಲ್ಲರಿಗೂ ಧನ್ಯವಾದ. ಇನ್ನು ಮೂರು ಉಳಿದಿವೆ: ಕಂಪನಿಗೆ ಕೊಡುವ ರಜೆ ಸರ್ಟಿಫಿಕೇಟ್, ಹಳೇ ಕೇಸ್ ಶೀಟ್, ಆ ಕ್ಲಿನಿಕ್ ಫೋನೇ ಕಳೆದುಹೋದರೆ?

ಕಡತಪಾಲ ಉತ್ತರಿಸಿದ್ದು:

ಸರ್ಟಿಫಿಕೇಟ್: ಸುಳ್ಳು ರೋಗ ಬರೆಯುವಂತಿಲ್ಲ, "ಟೈಫಾಯ್ಡ್ ಅಂತ ಹಾಕಿ ಸಾರ್" ಅಂದರೂ ಇಲ್ಲ. 2002ರ ವೈದ್ಯ ವೃತ್ತಿ ನೀತಿ ನಿಯಮಗಳ ನಮೂನೆಯಲ್ಲಿ ಕಾಯಿಲೆ ಬರೆಯುವ ಜಾಗವಿದೆ ನಿಜ. ಆದರೆ ಕಂಪನಿಗೆ ಸಾಮಾನ್ಯವಾಗಿ ಬೇಕಿರುವುದು ಎಷ್ಟು ದಿನ ಕೆಲಸಕ್ಕೆ ಆಗದು, ಯಾವಾಗಿನಿಂದ ಆಗಬಹುದು ಎಂಬಷ್ಟೇ. "ವೈದ್ಯಕೀಯ ಸ್ಥಿತಿಗಾಗಿ ಚಿಕಿತ್ಸೆಯಲ್ಲಿದ್ದಾರೆ" ಎಂದು ಮೊದಲು ಕೊಡಿ. ಎಚ್‌ಆರ್ ಹೆಚ್ಚು ಕೇಳಿದರೆ ರೋಗಿಯ ಬಳಿ ಹೇಳಿ, ಅವರು ಲಿಖಿತವಾಗಿ ಒಪ್ಪಿದಷ್ಟೇ ಸೇರಿಸಿ. ಕಾಗದವನ್ನು ರೋಗಿಯ ಕೈಗೇ ಕೊಡಿ, ಎಚ್‌ಆರ್ ಇಮೇಲ್‌ಗೆ ನೇರವಾಗಿ ಬೇಡ. ಲೆಟರ್‌ಹೆಡ್‌ನಲ್ಲಿ ಕ್ಲಿನಿಕ್ ಹೆಸರೇ ಗುಟ್ಟು ಬಿಟ್ಟುಕೊಟ್ಟರೆ ಈ ಪದಗಳ ಎಚ್ಚರಿಕೆ ದಂಡ, ಡಾಕ್ಟರ ಸ್ವಂತ ಲೆಟರ್‌ಹೆಡ್ ಬಳಸಿ. ಕೊಟ್ಟದ್ದರ ಪ್ರತಿ ಮತ್ತು ಸರ್ಟಿಫಿಕೇಟ್ ರಿಜಿಸ್ಟರಿನಲ್ಲಿ ನಮೂದು ಕಡ್ಡಾಯ.

ಹಳೇ ಕಡತ: ಅದೇ ನಿಯಮಗಳಲ್ಲಿ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಎಂದಿದೆ, ಆದರೆ ಅದು ಒಳರೋಗಿಗಳ ದಾಖಲೆಗೆ ಹೇಳಿದ ಅವಧಿ. ಹೊರರೋಗಿಗೂ ಅದಕ್ಕಿಂತ ಕಡಿಮೆ ಮಾಡಬೇಡಿ. ಚಟದ ಚಿಕಿತ್ಸೆ ಬಿಟ್ಟುಬಿಟ್ಟು ವರ್ಷಗಟ್ಟಲೆ ನಡೆಯುವುದರಿಂದ ಕೊನೆಯ ಭೇಟಿಯಿಂದ ಎಣಿಸುವುದು ಕ್ಷೇಮ. ಕೇಸು ನಡೆಯುತ್ತಿದ್ದರೆ ಮುಟ್ಟಲೇಬೇಡಿ. ರೋಗಿ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಾಶಮಾಡುವಾಗ ಉದ್ದುದ್ದ ಪಟ್ಟಿ ಕತ್ತರಿಸುವ ಶ್ರೆಡರ್ ಸಾಲದು. ಪಿ-4 ದರ್ಜೆಯ ಕ್ರಾಸ್-ಕಟ್ ಬೇಕು, ಅದರ ಚೂರು 160 ಚದರ ಮಿ.ಮೀ. ಮೀರುವುದಿಲ್ಲ. ಹಳೇ ಪೇಪರ್ ಅಂಗಡಿಗೆ ಹಾಕಿದರೆ ಕೇಸ್ ಶೀಟ್ ಕಡ್ಲೆಕಾಯಿ ಪೊಟ್ಟಣವಾಗಿ ಅದೇ ಬಡಾವಣೆಗೆ ಮರಳುತ್ತದೆ. ಜೆರಾಕ್ಸ್ ಮೆಷಿನ್ ಬಾಡಿಗೆಯದಾದರೆ ಹಿಂತಿರುಗಿಸುವ ಮುನ್ನ ಅದರೊಳಗಿನ ಹಾರ್ಡ್ ಡಿಸ್ಕ್ ಅಳಿಸಿಸಿಕೊಳ್ಳಿ.

ಫೋನ್ ಕಳೆದರೆ: ಮೊದಲು ದೂರದಿಂದ ಅಳಿಸಿ, ಸಿಮ್ ಬ್ಲಾಕ್ ಮಾಡಿ, ಹೊಸ ಸಿಮ್‌ನಲ್ಲಿ ಅದೇ ನಂಬರಿನ ವಾಟ್ಸಾಪ್ ನೋಂದಾಯಿಸಿ, ಹಳೆಯ ಫೋನಿನ ಖಾತೆ ತಾನೇ ಹೊರಬೀಳುತ್ತದೆ. ಮಾಹಿತಿ ಸೋರಿಕೆಯಂಥ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ ನಿರ್ದೇಶನ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಅವಧಿ ಕೊಟ್ಟಿದ್ದಾರೆ. ಆಮೇಲೆ ಸೋರಿಕೆಯಾದರೆ ರೋಗಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು, ಆ ಮಂಡಳಿಗೆ ವಿವರವಾದ ವರದಿ 72 ಗಂಟೆಯೊಳಗೆ. ರೋಗಿಗೆ ತಿಳಿಸುವ ಫೋನನ್ನು ಡಾಕ್ಟರೇ ಮಾಡಲಿ, ಎತ್ತಿದವರು ರೋಗಿಯೇ ಎಂದು ಖಾತ್ರಿಯಾಗುವವರೆಗೆ ಕ್ಲಿನಿಕ್ ಹೆಸರು ಹೇಳಬಾರದು.