ರಫ್ತಿನ ಪಟ್ಟಿ ಉದ್ದವಾದರೆ ಆರ್ಥಿಕ ರಚನೆಯೂ ಬದಲಾಗುವುದೇ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಬಳ್ಳಾರಿ)

ರಫ್ತಿನ ವೈವಿಧ್ಯ ಹೆಚ್ಚಿದಷ್ಟೂ ಆರ್ಥಿಕ ರಚನೆ ಬದಲಾಗುತ್ತದೆ ಎಂದು ಓದಿದ್ದೇನೆ. ಆದರೆ ಬಾಂಗ್ಲಾದೇಶದ ಸರಕು ರಫ್ತಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಸಿದ್ಧ ಉಡುಪಿನದೇ ಆಗಿದ್ದರೂ, ಅಲ್ಲಿ ಲಕ್ಷಾಂತರ ಜನರು, ಅದರಲ್ಲೂ ಹೆಣ್ಣುಮಕ್ಕಳು, ಹಳ್ಳಿ ಬಿಟ್ಟು ಕಾರ್ಖಾನೆಯ ದುಡಿಮೆಗೆ ಬಂದರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ನಮ್ಮ ಕಬ್ಬಿಣದ ಅದಿರಿನ ವಿಷಯಕ್ಕೂ ಇದು ಅನ್ವಯಿಸುತ್ತದೆಯೇ?

ಉತ್ತರ (ಅರ್ಥಶಾಸ್ತ್ರ ಅಧ್ಯಾಪಕ, ಕೊಪ್ಪಳ)

ಎರಡೂ ಬೇರೆ ಬೇರೆ ಸಂಗತಿಗಳು. ವೈವಿಧ್ಯವು ನಷ್ಟದ ಅಪಾಯವನ್ನು ಹಲವು ಸರಕುಗಳ ನಡುವೆ ಹಂಚುತ್ತದೆ. ರಚನಾತ್ಮಕ ಬದಲಾವಣೆಯಲ್ಲಿ ದುಡಿಯುವ ಕೈಗಳೇ ಕಡಿಮೆ ಉತ್ಪಾದಕತೆಯ ಕಸುಬಿನಿಂದ ಹೆಚ್ಚಿನದಕ್ಕೆ ಸಾಗುತ್ತವೆ. ಚಿಲಿ ದೇಶವು ಹಣ್ಣು, ವೈನ್, ಸಾಲ್ಮನ್ ಮೀನುಗಳನ್ನು ಪಟ್ಟಿಗೆ ಸೇರಿಸಿಕೊಂಡಿತಾದರೂ ಇಂದಿಗೂ ತಾಮ್ರವನ್ನೇ ನೆಚ್ಚಿಕೊಂಡಿದೆ. ತವರ ಮತ್ತು ರಬ್ಬರನ್ನು ಮಾರುತ್ತಿದ್ದ ಮಲೇಷ್ಯಾದಲ್ಲಿ ಮಾತ್ರ, 1972ರಲ್ಲಿ ಪೆನಾಂಗ್‌ನ ಮುಕ್ತ ವ್ಯಾಪಾರ ವಲಯಕ್ಕೆ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬಂದ ಮೇಲೆ, ಎರಡೂ ಒಟ್ಟಿಗೇ ನಡೆದವು.

ಇನ್ನು ಬಳ್ಳಾರಿ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು, ರಫ್ತಿಗೆ ಮತ್ತೆ ಅನುಮತಿ ದೊರೆತದ್ದು 2022ರ ಮೇ ತಿಂಗಳಲ್ಲಿ. ಒಂದೇ ಸರಕನ್ನು ನಂಬಿದ್ದರಿಂದ ಲಾರಿ ಮಾಲೀಕರಿಂದ ಹಿಡಿದು ಪಂಕ್ಚರ್ ಅಂಗಡಿಯವರೆಗೆ ಎಲ್ಲರಿಗೂ ಪೆಟ್ಟು ಬಿತ್ತು. ಅದಿರು ಈಗ ತೋರಣಗಲ್ಲಿನಲ್ಲಿ ಉಕ್ಕಾಗುತ್ತಿರುವುದು ಒಳ್ಳೆಯದೇ. ಆದರೆ ಹೂಡಿದ ಬಂಡವಾಳಕ್ಕೆ ಹೋಲಿಸಿದರೆ ಉಕ್ಕು ಕೊಡುವ ಕೆಲಸ ಕಡಿಮೆ. ಇಲ್ಲಿನ ಜೀನ್ಸ್ ಹೊಲಿಗೆಯಲ್ಲಿ ಲೆಕ್ಕ ತಿರುವುಮುರುವು.

ಉತ್ತರ (ಹತ್ತಿ ವ್ಯಾಪಾರಿ, ರಾಯಚೂರು)

ಗುರುಗಳು ವೈವಿಧ್ಯವನ್ನು ತುಸು ಹಗುರವಾಗಿ ಕಂಡಿದ್ದಾರೆ ಎನಿಸುತ್ತದೆ. 2023ರ ಜುಲೈನಲ್ಲಿ ಕೇಂದ್ರವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ, 2024ರ ಸೆಪ್ಟೆಂಬರ್‌ವರೆಗೆ ಆ ಬಾಗಿಲನ್ನು ತೆರೆಯಲಿಲ್ಲ. ಬೆಲೆ ಕುಸಿಯದೆಯೂ, ಒಂದು ಅಧಿಸೂಚನೆಯಿಂದಲೇ ಮಾರುಕಟ್ಟೆ ಕೈತಪ್ಪಬಹುದು. ಹತ್ತಿಯದು ಬೇರೆ ಕಥೆ: ನಮ್ಮಲ್ಲಿ ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ ಕೆಲಸ) ಮುಗಿದು ಬೇಲ್ ಕಟ್ಟಿದ ಮೇಲೆ ಮಾಲು ಹೆಚ್ಚಾಗಿ ಹೊರಗಿನ ನೂಲಿನ ಗಿರಣಿಗಳಿಗೆ ಹೋಗುತ್ತದೆ, ನೂಲು, ನೇಯ್ಗೆ, ಬಣ್ಣದ ಕೆಲಸಗಳ ಕೂಲಿಯೂ ಅದರೊಂದಿಗೇ ಹೋಗುತ್ತದೆ.

ಉತ್ತರ (ಅಧ್ಯಾಪಕ)

ಒಪ್ಪುತ್ತೇನೆ. ಆದರೆ ಬಾಂಗ್ಲಾದೇಶಕ್ಕೆ ಬರೀ ಅಗ್ಗದ ಕೂಲಿ ದಾರಿ ಮಾಡಿಕೊಡಲಿಲ್ಲ. 1979ರಲ್ಲಿ ಅಲ್ಲಿನ ಉಡುಪು ತಯಾರಕ ದೇಶ್ ಕಂಪನಿಯು ಸುಮಾರು 130 ಮಂದಿಯನ್ನು ತರಬೇತಿಗಾಗಿ ಕೊರಿಯಾದ ಡೇವೂ ಕಂಪನಿಗೆ ಕಳುಹಿಸಿತು. ಅವರಲ್ಲಿ ಬಹಳಷ್ಟು ಜನ ಮುಂದೆ ಬೇರೆ ಕಾರ್ಖಾನೆಗಳನ್ನು ಸೇರಿದರು, ಕೆಲವರು ತಾವೇ ತೆರೆದರು. ರಫ್ತಿಗೆಂದು ತರುವ ಬಟ್ಟೆಗೆ ಸುಂಕವಿಲ್ಲದ ಬಾಂಡೆಡ್ ಗೋದಾಮಿನ ವ್ಯವಸ್ಥೆಯೂ ನೆರವಾಯಿತು. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹೊಲಿಗೆಯ ಕೈ ಇದೆ. ವಾಷಿಂಗ್‌ಗೆ ಬೇಕಾದ ನೀರು ಮತ್ತು ಹೊರಬೀಳುವ ಬಣ್ಣದ ನೀರಿನ ಶುದ್ಧೀಕರಣವೇ ದೊಡ್ಡ ತೊಡಕು.

ಪ್ರಬಂಧ ಬರೆಯುವುದಾದರೆ, ತಂಗಿ, ರಫ್ತಿನ ಸಾಂದ್ರತೆಯನ್ನು ಹರ್ಫಿಂಡಾಲ್ ಸೂಚ್ಯಂಕದಿಂದ (ಪ್ರತಿ ಸರಕಿನ ಪಾಲಿನ ವರ್ಗಗಳ ಮೊತ್ತ) ಅಳೆಯಿರಿ, ಉದ್ಯೋಗದ ಪಾಲನ್ನು ಕಾರ್ಮಿಕ ಬಲದ ಸಮೀಕ್ಷೆಯಿಂದ ಬೇರೆಯಾಗಿಯೇ ತೆಗೆಯಿರಿ. ಎರಡನ್ನೂ ಒಂದೇ ಅಂಕಿಗೆ ಬೆಸೆಯಬೇಡಿ.