ಅಮೆರಿಕದ ವೋಟರ್ ಫಾರಂನಲ್ಲಿ ಪಾರ್ಟಿ ಕಾಲಂ: ತುಂಬಬೇಕಾ, ಖಾಲಿ ಬಿಡಬೇಕಾ?

ಎಡಿಸನ್_ಎಕ್ಸ್‌ಪ್ರೆಸ್
ನ್ಯೂಜೆರ್ಸಿಯಲ್ಲಿ ಹೊಸದಾಗಿ ಸಿಟಿಜನ್ ಆದವರು ಮತದಾರರ ಪಟ್ಟಿಗೆ ಸೇರುವಾಗ ಯಾವ ಪಾರ್ಟಿ ಅಂತ ಕೇಳ್ತಾರಲ್ಲ, ಅದು ಸದಸ್ಯತ್ವವಾ? ಒಂದು ಪಾರ್ಟಿ ಬರೆದರೆ ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಇನ್ನೊಂದಕ್ಕೆ ವೋಟ್ ಹಾಕೋ ಹಾಗಿಲ್ವಾ? ಖಾಲಿ ಬಿಟ್ಟರೆ ನಷ್ಟ ಏನು? ಮನೆಯಲ್ಲಿ ಒಬ್ಬರದು ಇನ್ನೂ ಗ್ರೀನ್ ಕಾರ್ಡ್. ಅವರಿಗೆ ಊರಿನ ಚುನಾವಣೆಯಲ್ಲಾದರೂ ಅವಕಾಶ ಇದೆಯಾ?

ಕೆಂಪುಗೂಡು
ನಮ್ಮ ಕಡೆಯ ಸದಸ್ಯತ್ವದ ಥರ ಅಲ್ಲ. ಚಂದಾ ಇಲ್ಲ, ರಸೀದಿ ಇಲ್ಲ, ಶಾಲು ಹೊದಿಸೋದೂ ಇಲ್ಲ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಹಾಕಬಹುದು, ಒಂದು ಹುದ್ದೆಗೆ ಈ ಪಾರ್ಟಿ, ಇನ್ನೊಂದಕ್ಕೆ ಆ ಪಾರ್ಟಿ ಅಂತಲೂ ಹಾಕಬಹುದು.

ಆ ಕಾಲಂ ಕೆಲಸಕ್ಕೆ ಬರೋದು ಪ್ರೈಮರಿಯಲ್ಲಿ, ಅಂದರೆ ಪಾರ್ಟಿಯ ಅಭ್ಯರ್ಥಿ ಯಾರು ಅಂತ ಮೊದಲೇ ಆರಿಸೋ ಚುನಾವಣೆಯಲ್ಲಿ. ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಟ್ಟವನೇ ಅಭ್ಯರ್ಥಿ. ಇಲ್ಲಿ ಬಿ ಫಾರಂ ಕೊಡೋರು ಪ್ರೈಮರಿಗೆ ಬಂದ ಮತದಾರರು. ಒಂದೇ ಪಾರ್ಟಿಯ ಭದ್ರಕೋಟೆಗಳಲ್ಲಂತೂ ನವೆಂಬರ್ ಬರೀ ಶಾಸ್ತ್ರ, ಅಸಲಿ ಚುನಾವಣೆ ಜೂನ್‌ನಲ್ಲೇ ಮುಗಿದಿರುತ್ತೆ. 2018ರಲ್ಲಿ ನ್ಯೂಯಾರ್ಕ್‌ನ 14ನೇ ಕ್ಷೇತ್ರದಲ್ಲಿ 1999ರಿಂದ ಸಂಸದರಾಗಿದ್ದ ಜೋ ಕ್ರೌಲಿ ಅವರನ್ನು ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಸೋಲಿಸಿದ್ದು ಪ್ರೈಮರಿಯಲ್ಲಿ. ಒಟ್ಟು ಬಿದ್ದ ಮತ 30 ಸಾವಿರದ ಆಸುಪಾಸು. ನಮ್ಮ ದೊಡ್ಡ ವಾರ್ಡಿನ ಕಾರ್ಪೊರೇಟರ್ ಚುನಾವಣೆಯಷ್ಟು!

ನ್ಯೂಜೆರ್ಸಿ ಲೆಕ್ಕ ಹೀಗಿದೆ. ಖಾಲಿ ಬಿಟ್ಟವರು ಪ್ರೈಮರಿ ದಿನ ಮತಗಟ್ಟೆಯಲ್ಲೇ ಪಾರ್ಟಿ ಹೇಳಿ ವೋಟ್ ಹಾಕಬಹುದು, ಅಲ್ಲಿಂದ ಮುಂದೆ ಆ ಪಾರ್ಟಿ ಹೆಸರಲ್ಲೇ ದಾಖಲಾಗಿರ್ತಾರೆ. ಆಗಲೇ ಒಂದು ಪಾರ್ಟಿಯಲ್ಲಿದ್ದು ಬದಲಾಯಿಸೋರು ಮಾತ್ರ ಪ್ರೈಮರಿಗೆ 55 ದಿನ ಮೊದಲೇ ಫಾರಂ ಕೊಡಬೇಕು, ಅಂದರೆ ಏಪ್ರಿಲ್ ಮಧ್ಯದೊಳಗೆ. ಹೊಸದಾಗಿ ಪಟ್ಟಿಗೆ ಸೇರಲು ಚುನಾವಣೆಗೆ 21 ದಿನ ಮೊದಲು ಕೊನೆ.

ಇಲ್ಲಿ ಹೈಕಮಾಂಡ್ ಇಲ್ಲವೇ ಇಲ್ಲ ಅಂದ್ಕೋಬೇಡಿ. ಕೌಂಟಿಯ (ನಮ್ಮ ಜಿಲ್ಲೆಯ ಥರ) ಪಾರ್ಟಿ ಘಟಕ ಒಪ್ಪಿದವರ ಹೆಸರನ್ನೆಲ್ಲ ಬ್ಯಾಲೆಟ್‌ನಲ್ಲಿ ಒಂದೇ ಸಾಲಿಗೆ ಹಾಕಿ, ಉಳಿದವರನ್ನು ಮೂಲೆಗೆ ತಳ್ಳೋ ಪದ್ಧತಿ ಈ ರಾಜ್ಯದಲ್ಲಿ ದಶಕಗಟ್ಟಲೆ ನಡೆದಿತ್ತು. ಸೆನೆಟ್‌ಗೆ ನಿಂತಿದ್ದ ಆಂಡಿ ಕಿಮ್ ಕೋರ್ಟಿಗೆ ಹೋದ ಮೇಲೆ 2024ರ ಡೆಮಾಕ್ರಟಿಕ್ ಪ್ರೈಮರಿಗೆ ಅದಕ್ಕೆ ತಡೆ ಬಿತ್ತು.

ಹೊಯ್ಸಳ_ಗಲ್ಲಿ
ಮೇಲೆ ಹೇಳಿದ್ದು ನ್ಯೂಜೆರ್ಸಿಗೆ ಮಾತ್ರ. ದೆಹಲಿಯ ಚುನಾವಣಾ ಆಯೋಗದಂತೆ ಇಡೀ ದೇಶದ ಮತದಾನ ನಡೆಸೋ ಸಂಸ್ಥೆ ಅಮೆರಿಕದಲ್ಲಿಲ್ಲ. ನಿಯಮ ರಾಜ್ಯದ್ದು, ಕೆಲಸ ಕೌಂಟಿಯದ್ದು. ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿದರೆ ಎಲ್ಲ ಹೊಸದಾಗಿ ಕಲೀಬೇಕು.

ನ್ಯೂಯಾರ್ಕ್‌ನಲ್ಲಿ ಖಾಲಿ ಬಿಟ್ಟವರಿಗೆ ಪ್ರೈಮರಿಯ ಬಾಗಿಲು ಬಂದ್. ಜೂನ್ ಪ್ರೈಮರಿಗೆ ಪಾರ್ಟಿ ಬದಲಾಯಿಸಲು ಫೆಬ್ರವರಿ 14 ಕೊನೆ. ಮೊದಲು ಇದಕ್ಕಿಂತ ಬಿಗಿ ಇತ್ತು: 2016ರ ಏಪ್ರಿಲ್ ಪ್ರೈಮರಿಗೆ ಗಡುವು ಹಿಂದಿನ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಟ್ರಂಪ್ ಅವರ ಮಕ್ಕಳು ಇವಾಂಕಾ, ಎರಿಕ್ ಇಬ್ಬರಿಗೂ ಆ ಪ್ರೈಮರಿಯಲ್ಲಿ ಅಪ್ಪನಿಗೆ ವೋಟ್ ಹಾಕೋಕೆ ಆಗಲಿಲ್ಲ. ಟೆಕ್ಸಾಸ್‌ನಲ್ಲಿ ಫಾರಂನಲ್ಲಿ ಪಾರ್ಟಿ ಕಾಲಂ ಅನ್ನೋದೇ ಇಲ್ಲ, ಆದರೆ ಮಾರ್ಚ್‌ನಲ್ಲಿ ಒಂದು ಪಾರ್ಟಿಯ ಪ್ರೈಮರಿಗೆ ಹೋದವರು ಮೇ ತಿಂಗಳ ರನ್‌ಆಫ್‌ನಲ್ಲಿ (ಎರಡನೇ ಸುತ್ತು) ಇನ್ನೊಂದಕ್ಕೆ ಹೋಗೋ ಹಾಗಿಲ್ಲ.

ಕ್ಯಾಲಿಫೋರ್ನಿಯಾದ್ದು ಬೇರೆಯೇ ಗುಂಡಿ. 'ಇಂಡಿಪೆಂಡೆಂಟ್' ಅಂತ ಹುಡುಕಿ 'ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ'ಗೆ ಟಿಕ್ ಹಾಕಿ ಬರೋರು ಬಹಳ. ಅದು ಪಕ್ಷೇತರ ಅಲ್ಲ, ನಿಜವಾದ ಒಂದು ಬಲಪಂಥೀಯ ಪಕ್ಷ. ಪಕ್ಷ ಬೇಡ ಅನ್ನೋರು 'ನೋ ಪಾರ್ಟಿ ಪ್ರಿಫರೆನ್ಸ್'ಗೆ ಟಿಕ್ ಹಾಕಬೇಕು.

ಅಂಚೆಪೆಟ್ಟಿಗೆ
ಗ್ರೀನ್ ಕಾರ್ಡ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅಪಾಯ ಇರೋದೇ ಅಲ್ಲಿ. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಂಥ ಕೆಲವು ಊರುಗಳು ಸಿಟಿಜನ್ ಅಲ್ಲದವರಿಗೂ ಊರಿನ ಚುನಾವಣೆಯಲ್ಲಿ ಮತ ಕೊಟ್ಟಿವೆ, ನ್ಯೂಜೆರ್ಸಿಯಲ್ಲಿ ಇಲ್ಲ. ಜನ ಎಡವೋದು ಡ್ರೈವಿಂಗ್ ಲೈಸೆನ್ಸ್ ಕೌಂಟರ್‌ನಲ್ಲಿ. 1993ರ ಕಾನೂನಿನಿಂದಾಗಿ ಲೈಸೆನ್ಸ್ ಜೊತೆಗೇ ಮತದಾರರ ನೋಂದಣಿಯೂ ಆಗುತ್ತೆ. ಗಡಿಬಿಡಿಯಲ್ಲಿ ಎಲ್ಲದಕ್ಕೂ ಸಹಿ ಹಾಕಿಬಿಡ್ತಾರೆ. ಮುಂದೆ ಪೌರತ್ವದ ಎನ್-400 ಅರ್ಜಿಯಲ್ಲಿ 'ಎಂದಾದರೂ ಮತದಾರರಾಗಿ ನೋಂದಾಯಿಸಿದ್ದೀರಾ' ಅಂತ ನೇರವಾಗಿ ಕೇಳ್ತಾರೆ. ಅರ್ಜಿ ತಿರಸ್ಕಾರ, ಗಡೀಪಾರಿನವರೆಗೂ ಹೋಗಬಹುದು. ಗೊತ್ತಿಲ್ಲದೆ ಪಟ್ಟಿಗೆ ಸೇರಿದ್ದರೆ ಎನ್-400 ಹಾಕುವ ಮೊದಲೇ ವಕೀಲರನ್ನು ನೋಡಿ.

ಸಿಟಿಜನ್ ಆದವರಿಗೆ ಕಾಟ ಕೊಡೋದು ಹೆಸರು. ನೋಂದಣಿಯಲ್ಲಿ ಲೈಸೆನ್ಸ್ ನಂಬರ್ ಅಥವಾ ಸೋಶಿಯಲ್ ಸೆಕ್ಯುರಿಟಿ ನಂಬರಿನ (ನಮ್ಮ ಆಧಾರ್ ಥರದ್ದು) ಕೊನೆಯ 4 ಅಂಕಿ ಕೊಡಬೇಕು, ಅದನ್ನು ಹೆಸರಿಗೆ ತಾಳೆ ನೋಡ್ತಾರೆ. ಪೌರತ್ವದ ಸರ್ಟಿಫಿಕೇಟ್‌ನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು ಪೂರ್ತಿ, ಲೈಸೆನ್ಸ್‌ನಲ್ಲಿ ಹಳೇ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತಿದ್ದರೆ ತಾಳೆ ಆಗಲ್ಲ. ಮೊದಲು ಸೋಶಿಯಲ್ ಸೆಕ್ಯುರಿಟಿ, ಆಮೇಲೆ ಲೈಸೆನ್ಸ್, ಕೊನೆಗೆ ವೋಟರ್ ಫಾರಂ: ಈ ಕ್ರಮ ತಪ್ಪಿಸಬೇಡಿ.

ಎಡಿಸನ್_ಎಕ್ಸ್‌ಪ್ರೆಸ್
ಧನ್ಯವಾದ. ಅಂಚೆಯಲ್ಲಿ ವೋಟ್ ಹಾಕೋದು ಸುಲಭ ಅಂತಾರೆ, ಹೌದಾ?

ಅಂಚೆಪೆಟ್ಟಿಗೆ
ಸುಲಭವೇ, ಆದರೆ ನ್ಯೂಜೆರ್ಸಿಯಲ್ಲಿ ಒಮ್ಮೆ ಕೇಳಿದರೆ ನೀವಾಗಿ ಬೇಡ ಅನ್ನದಿದ್ದರೆ ಮುಂದಿನ ಚುನಾವಣೆಗಳಿಗೂ ಬ್ಯಾಲೆಟ್ ಮನೆಗೇ ಬರುತ್ತೆ. ಪ್ರೈಮರಿಯದ್ದು ಮಾತ್ರ ಪಾರ್ಟಿ ಖಾಲಿ ಬಿಟ್ಟವರಿಗೆ ಬರಲ್ಲ. ಈ ಅಂಚೆ ಮತದ ಪಟ್ಟಿಯಲ್ಲಿದ್ದೂ ಮತಗಟ್ಟೆಗೆ ಹೋದರೆ ಮೆಷಿನ್ ಕೊಡಲ್ಲ, ಪ್ರಾವಿಷನಲ್ (ತಾತ್ಕಾಲಿಕ) ಬ್ಯಾಲೆಟ್ ಕೊಡ್ತಾರೆ. ಅಂಚೆ ಮತ ಬಂದಿಲ್ಲ ಅಂತ ಖಚಿತವಾದ ಮೇಲಷ್ಟೇ ಅದನ್ನು ಎಣಿಸ್ತಾರೆ. ಅಂಚೆ ಬ್ಯಾಲೆಟ್‌ನ ಒಳಗಿನ ಕವರಿಗೆ ಅಂಟಿಕೊಂಡಿರೋ ಸರ್ಟಿಫಿಕೇಟ್ (ಮತದಾರರ ದೃಢೀಕರಣದ ಚೀಟಿ) ಹರೀಬೇಡಿ, ಅದರ ಮೇಲೇ ಸಹಿ ಹಾಕಿ. ಸಹಿ ನೋಂದಣಿಯಲ್ಲಿದ್ದ ಹಾಗೇ ಇರಲಿ: ಅಲ್ಲಿ ಕನ್ನಡದಲ್ಲಿ ಹಾಕಿದ್ದರೆ ಇಲ್ಲೂ ಕನ್ನಡದಲ್ಲೇ.