ಪದಚರ್ಚೆ: ಲ್ಯಾಟಿನ್ ಧಾತುಗಳ 'ಗಣ' ಮತ್ತು ನಾಲ್ಕು 'ಆಧಾರರೂಪ'ಗಳು

ಮಾನ್ಯರೇ,

ಲ್ಯಾಟಿನ್ ಕ್ರಿಯಾಪದಗಳನ್ನು ಕನ್ನಡದ ಮೂಲಕವೇ ಕಲಿಯಬಯಸುವವರಿಗಾಗಿ ಒಂದು ಕಿರುಪಾಠವನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಪರಿಭಾಷೆಯ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಇಂಗ್ಲಿಷಿನ 'ಕಾಂಜುಗೇಶನ್' ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ: ಧಾತುವನ್ನು ಪುರುಷ, ವಚನ, ಕಾಲಗಳಿಗೆ ತಕ್ಕಂತೆ ನಡೆಸಿ ಹೇಳುವುದು ಒಂದು, ಒಂದೇ ರೀತಿಯಲ್ಲಿ ನಡೆಯುವ ಧಾತುಗಳ ಗುಂಪು ಇನ್ನೊಂದು. ಮೊದಲನೆಯದಕ್ಕೆ ಸಂಸ್ಕೃತ ಓದಿದವರಿಗೆ ಪರಿಚಿತವಾದ 'ಧಾತುರೂಪಾವಳಿ' ಸಾಕು. ಎರಡನೆಯದಕ್ಕೆ 'ಗಣ' ಎನ್ನಬಹುದೇ?

ನನ್ನ ಮಟ್ಟಿಗೆ ಎನ್ನಬಹುದು. ಸಂಸ್ಕೃತದ ಹತ್ತು ಗಣಗಳ ವ್ಯತ್ಯಾಸ ಲಟ್ (ವರ್ತಮಾನ), ಲಙ್ (ಭೂತ), ಲೋಟ್ (ಆಜ್ಞೆ), ವಿಧಿಲಿಙ್ (ವಿಧಿ) ಎಂಬ ನಾಲ್ಕರಲ್ಲಿ ಮಾತ್ರ ಕಾಣುವಂತೆ, ಲ್ಯಾಟಿನ್ನಿನ ನಾಲ್ಕು ಗುಂಪುಗಳ ವ್ಯತ್ಯಾಸವೂ ವರ್ತಮಾನದ ಅಂಗದಿಂದ (ಪ್ರತ್ಯಯ ಹತ್ತುವ ಭಾಗದಿಂದ) ಹುಟ್ಟುವ ರೂಪಗಳಿಗೆ ಸೀಮಿತವಾಗಿದೆ; ಪೂರ್ಣಭೂತದ (ಇಂಗ್ಲಿಷಿನಲ್ಲಿ 'ಪರ್ಫೆಕ್ಟ್') ಕರ್ತರಿ ಪ್ರತ್ಯಯಗಳು ಎಲ್ಲ ಧಾತುಗಳಿಗೂ ಒಂದೇ. ಆದರೆ ಒಂದು ಭೇದವನ್ನು ಪಾಠದಲ್ಲಿ ಒತ್ತಿ ಹೇಳಬೇಕಾಗುತ್ತದೆ. ಸಂಸ್ಕೃತದಲ್ಲಿ ಭವಿಷ್ಯತ್ತನ್ನು ಹೇಳುವ ಲೃಟ್‌ಗೆ ಗಣದ ಹಂಗಿಲ್ಲ, ಲ್ಯಾಟಿನ್ನಿನ ಭವಿಷ್ಯತ್ತಿಗೆ ಇದೆ. ಮೊದಲೆರಡು ಗಣಗಳಲ್ಲಿ 'ಅಮಾಬೋ' (ಪ್ರೀತಿಸುವೆನು) ಎಂಬಂತೆ ನಡುವೆ ಬಕಾರ ಬರುತ್ತದೆ, ಉಳಿದೆರಡರಲ್ಲಿ ಬರುವುದಿಲ್ಲ. ಹೀಗಾಗಿ 'ಮೊನೇಸ್' ಎಂದರೆ 'ನೀನು ಎಚ್ಚರಿಸುತ್ತೀಯೆ' ಎಂದು ವರ್ತಮಾನವಾದರೆ, ಅದೇ ಅಂತ್ಯವಿರುವ 'ರೆಗೇಸ್' ಎಂದರೆ 'ನೀನು ಆಳುವೆ' ಎಂದು ಭವಿಷ್ಯತ್ತಾಗುತ್ತದೆ. ಧಾತು ಯಾವ ಗಣದ್ದೆಂದು ತಿಳಿಯದೆ ಕಾಲವನ್ನು ಗುರುತಿಸಲಾಗದು. ಗಣವನ್ನು ತಿಳಿಸುವುದು 'ಅಮಾರೆ', 'ಮೊನೇರೆ', 'ರೆಗೆರೆ', 'ಔದೀರೆ' ಎಂಬ ಭಾವರೂಪಗಳು (ಇಂಗ್ಲಿಷಿನಲ್ಲಿ 'ಇನ್ಫಿನಿಟಿವ್'). ಎರಡನೆಯ ಮತ್ತು ಮೂರನೆಯ ಗಣಗಳ ನಡುವಿನ ಭೇದ ಏಕಾರ, ಎಕಾರಗಳದ್ದು. ದೀರ್ಘಚಿಹ್ನೆಯಿಲ್ಲದೆ ಅಚ್ಚಾದ ರೋಮನ್ ಲಿಪಿಯಲ್ಲಿ ಮರೆಯಾಗುವ ಈ ಭೇದ ನಮ್ಮ ಲಿಪಿಯಲ್ಲಿ ತಾನಾಗಿ ಕಾಣುತ್ತದೆ. ದೇವನಾಗರಿಗೂ ಈ ಅನುಕೂಲವಿಲ್ಲ.

ನಿಜವಾದ ತೊಡಕು ಎರಡನೆಯ ಪ್ರಶ್ನೆಯಲ್ಲಿದೆ: ನಿಘಂಟಿನಲ್ಲಿ ಕೊಡುವ ನಾಲ್ಕು ರೂಪಗಳನ್ನು ಏನೆಂದು ಕರೆಯಬೇಕು? ಲ್ಯಾಟಿನ್ ನಿಘಂಟುಗಳು ಸಾಮಾನ್ಯವಾಗಿ ಪ್ರತಿ ಕ್ರಿಯಾಪದಕ್ಕೂ ನಾಲ್ಕು ರೂಪಗಳನ್ನು ಕೊಡುತ್ತವೆ: 'ರೆಗೋ, ರೆಗೆರೆ, ರೇಕ್ಸೀ, ರೇಕ್ತುಮ್'. ಉಳಿದ ರೂಪಗಳು ಇವುಗಳಿಂದಲೇ ಸಿದ್ಧಿಸುವುದರಿಂದ ಕಲಿಯುವವರು ನಾಲ್ಕನ್ನೂ ಒಟ್ಟಿಗೆ ಬಾಯಿಪಾಠ ಮಾಡಬೇಕು. 'ಫೆರೋ, ಫೆರ್ರೆ, ತುಲೀ, ಲಾತುಮ್' (ಹೊರು) ಎಂಬಲ್ಲಿ ಮೂರನೆಯದನ್ನಾಗಲಿ ನಾಲ್ಕನೆಯದನ್ನಾಗಲಿ ಯಾರೂ ಊಹಿಸಲಾರರು. ಕನ್ನಡಿಗರಿಗೆ ಇದು ಹೊಸ ಕಷ್ಟವೇನಲ್ಲ. 'ತರು' ಎಂಬುದು 'ತಂದು' ಎಂದೂ 'ಹೊರು' ಎಂಬುದು 'ಹೊತ್ತು' ಎಂದೂ ಆಗುತ್ತದೆಂಬುದನ್ನು ಪರಭಾಷಿಕರು ಉರು ಹೊಡೆದೇ ಕಲಿಯಬೇಕು. 1894ರ ಕಿಟ್ಟೆಲ್ ನಿಘಂಟು ಧಾತುವಿನ ಜೊತೆಗೇ ಭೂತನ್ಯೂನವನ್ನೂ ('ತಂದು', 'ಹೊತ್ತು' ಎಂಬಂಥ ರೂಪವನ್ನೂ) ಕೊಟ್ಟಿರುವುದು ಈ ಕಾರಣಕ್ಕೇ ಇರಬೇಕು. ನಾಲ್ಕನೆಯ ರೂಪವನ್ನು 'ತುಮುನ್ನಂತ' ('ತುಮುನ್' ಪ್ರತ್ಯಯ ಕೊನೆಯಲ್ಲಿರುವುದು) ಎಂದು ಕರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ಅದು ಸಂಸ್ಕೃತದ 'ದಾತುಂ' (ಕೊಡಲು), 'ಕರ್ತುಂ' (ಮಾಡಲು) ಎಂಬವುಗಳ ಸೋದರರೂಪ. ಚಲನಾರ್ಥಕ ಕ್ರಿಯೆಗಳೊಡನೆ 'ನೋಡಲು ಬರುತ್ತಾರೆ' ಎಂಬಂಥ ಉದ್ದೇಶಾರ್ಥವನ್ನೇ ಅದೂ ಕೊಡುತ್ತದೆ.

ಈ ನಾಲ್ಕಕ್ಕೂ ಸೇರಿ ಒಂದು ಹೆಸರು ಬೇಕು. 'ಮೂಲರೂಪ' ಎಂದರೆ ಓದುಗರು ಧಾತುವೆಂದು ತಿಳಿಯುವ ಅಪಾಯವಿದೆ. 'ಪ್ರಧಾನರೂಪ' ಇಂಗ್ಲಿಷಿನ 'ಪ್ರಿನ್ಸಿಪಲ್ ಪಾರ್ಟ್ಸ್'ನ ನೆರಳಾಯಿತು, ಉಳಿದವು ಗೌಣವೆಂಬ ಧ್ವನಿಯೂ ಅದರಲ್ಲಿದೆ. ಸದ್ಯಕ್ಕೆ 'ಆಧಾರರೂಪ' ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಹೊಂದುವ ಪದ ಕನ್ನಡ ವ್ಯಾಕರಣಗಳಲ್ಲಿ ಈಗಾಗಲೇ ಬಳಕೆಯಲ್ಲಿದ್ದರೆ, ಸಾಧ್ಯವಾದರೆ ಪ್ರಯೋಗದ ಸಮೇತ ತಿಳಿಸಬೇಕೆಂದು ಕೋರುತ್ತೇನೆ. 'ಲೊಕ್ವೊರ್' (ಮಾತನಾಡುತ್ತೇನೆ) ಮುಂತಾಗಿ ರೂಪದಲ್ಲಿ ಕರ್ಮಣಿಯಾಗಿದ್ದೂ ಅರ್ಥದಲ್ಲಿ ಕರ್ತರಿಯಾಗಿರುವ ಧಾತುಗಳನ್ನು ಸಂಸ್ಕೃತ ವ್ಯಾಕರಣದ ಪದವನ್ನೇ ಬಳಸಿ 'ಆತ್ಮನೇಪದಿ' ಎನ್ನುವುದಕ್ಕೆ ಯಾರದಾದರೂ ಆಕ್ಷೇಪವಿದ್ದರೆ ಅದನ್ನೂ ಬರೆಯಿರಿ.